ಫ್ಲಾಪ್ ಅಂತ ಹೆಸರಿಟ್ಟು ಗೆದ್ದ ಸರ್ದಾರ್ಜಿ

ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ಕೇಳಿ ಕಚೇರಿಯ ಮೆಟ್ಟಿಲಿಳಿದು ವಾಪಸ್ಸು ಬಂದವರು ಯಾವ ಊರಿನಲ್ಲಿ ತಾನೇ ಇಲ್ಲ? ಫೋನು ಸತ್ತು ತಿಂಗಳಾದರೂ ಲೈನ್‌ಮನ್ ಮುಖ ಕಾಣದೆ, ಬಿಲ್ಲು ಮಾತ್ರ ತಪ್ಪದೆ ಬರುತ್ತಿದ್ದ ಕಾಲವನ್ನು ಪೇಟೆಯ ಹಳಬರು ಮರೆತಿರಲಾರರು. ಮೊದಲ ಮಳೆಗೇ ಸೋರುವ ಸರ್ಕಾರಿ ಕಟ್ಟಡ ಮತ್ತು ಅದಕ್ಕೆ ಮೊದಲೇ ಪಾಸಾದ ಬಿಲ್ಲು, ಇವೆರಡರ ನಂಟು ಬಸ್‌ಸ್ಟ್ಯಾಂಡಿನಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಇದಕ್ಕೆಲ್ಲ ಅರ್ಜಿ ಬರೆದವರುಂಟು, ಧರಣಿ ಕೂತವರುಂಟು. ಹಣೆಬರಹ ಅಂತ ಸುಮ್ಮನಾದವರೇ ಹೆಚ್ಚು.

ಒಬ್ಬ ಎಂಜಿನಿಯರು ಮಾತ್ರ ಅರ್ಜಿಯನ್ನೂ ಬರೆಯಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ಈ ಸಂಗತಿಗಳನ್ನೇ ಎತ್ತಿಕೊಂಡು ಸರ್ಕಾರದ್ದೇ ಟೆಲಿವಿಷನ್ನಿಗೆ ಹೋಗಿ, ಸರ್ಕಾರಿ ಕಚೇರಿಯ ಕಥೆಯನ್ನು ಇಡೀ ದೇಶಕ್ಕೆ ತೋರಿಸಿ ನಗಿಸಿಬಿಟ್ಟರು. ಅವರೇ ಜಸ್ಪಾಲ್ ಭಟ್ಟಿ. ಅವರು ತೀರಿಕೊಂಡದ್ದು 2012ರ ಅಕ್ಟೋಬರಿನಲ್ಲಿ. ಅಲ್ಲಿಂದೀಚೆಗೆ ಒಂದು ಹೊಸ ತಲೆಮಾರೇ ಬೆಳೆದು ನಿಂತಿದೆ. ಆದರೂ ಮೆಡಿಕಲ್ ಬಿಲ್ಲು, ಕಂಟ್ರಾಕ್ಟರು, ಮೀಟಿಂಗು ಎಂಬ ಮಾತು ಬಂದಾಗೆಲ್ಲ ಮಧ್ಯವಯಸ್ಸು ದಾಟಿದವರ ಕಣ್ಣ ಮುಂದೆ ಆ ಪೇಟ, ಆ ಗಡ್ಡ, ಆ ಸಪ್ಪೆ ಮುಖ ಬಂದು ನಿಲ್ಲುತ್ತದೆ.

ನಾನ್ಸೆನ್ಸ್ ಕ್ಲಬ್ಬು

ಭಟ್ಟಿ ಹುಟ್ಟಿದ್ದು 1955ರ ಮಾರ್ಚ್ 3ರಂದು, ಅಮೃತಸರದಲ್ಲಿ. ಓದಿದ್ದು ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಎಲೆಕ್ಟ್ರಿಕಲ್ ಎಂಜಿನಿಯರಿಂಗು. ಹುಡುಗ ಓದಿ ದೊಡ್ಡ ಸರ್ಕಾರಿ ಹುದ್ದೆ ಹಿಡಿಯಲಿ ಅಂತ ಮಧ್ಯಮ ವರ್ಗದ ಮನೆಗಳು ಹಾರೈಸುತ್ತಿದ್ದ ಕಾಲ ಅದು. ಹುಡುಗ ಮಾತ್ರ ಕಾಲೇಜಿನಲ್ಲೇ ನಾನ್ಸೆನ್ಸ್ ಕ್ಲಬ್ ಅಂತ ಒಂದು ಕೂಟ ಕಟ್ಟಿದ. ಹೆಸರು ಕೇಳಿದರೆ ಪಡ್ಡೆ ಹುಡುಗರ ಹುಡುಗಾಟ ಅನ್ನಿಸಬೇಕು. ಆದರೆ ಇವರು ಬೀದಿಯಲ್ಲಿ ನಿಂತು ಆಡಿದ ನಾಟಕಗಳ ವಸ್ತು ಹುಡುಗಾಟದ್ದಲ್ಲ. ಲಂಚ, ಶಿಫಾರಸು, ಅಧಿಕಾರಿಗಳ ಗತ್ತು ಇವೇ ಅಲ್ಲಿದ್ದುವು. ನಾಟಕಕ್ಕೆ ಪರದೆಯಿಲ್ಲ, ಟಿಕೆಟ್ಟಿಲ್ಲ. ದಾರಿಹೋಕರೇ ಪ್ರೇಕ್ಷಕರು.

ಬೀದಿನಾಟಕ ಆಡಿದವರಿಗೆ ಒಂದು ಪಾಠ ಬೇಗ ಗೊತ್ತಾಗುತ್ತದೆ. ಸಂತೆಗೆ ಹೊರಟವನನ್ನು ನಿಲ್ಲಿಸಬೇಕಾದರೆ ಎರಡು ನಿಮಿಷದೊಳಗೆ ನಗಿಸಬೇಕು, ಇಲ್ಲವಾದರೆ ಅವನು ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಾನೆ. ಅದರ ಮೇಲೆ ಇನ್ನೊಂದು ತಾಲೀಮೂ ಭಟ್ಟಿಯವರಿಗೆ ಸಿಕ್ಕಿತು. ಟಿ.ವಿ.ಗೆ ಬರುವ ಮೊದಲು ಅವರು ಚಂಡೀಗಢದ ಟ್ರಿಬ್ಯೂನ್ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ನಾಲ್ಕು ಗೆರೆ, ಒಂದು ಸಾಲು, ಅಷ್ಟರಲ್ಲೇ ಮಾತು ಮುಗಿಯಬೇಕು. ಬೀದಿಯ ವೇಗ ಮತ್ತು ವ್ಯಂಗ್ಯಚಿತ್ರದ ಚಿಕ್ಕತನ, ಈ ಎರಡನ್ನೇ ಅವರು ಮುಂದೆ ಟಿ.ವಿ.ಯಲ್ಲೂ ನೆಚ್ಚಿಕೊಂಡರು.

ಬೆಳಗಿನ ಉಲ್ಟಾ ಪಲ್ಟಾ

1987ರಲ್ಲಿ ದೂರದರ್ಶನ ಬೆಳಗಿನ ಪ್ರಸಾರ ಆರಂಭಿಸಿತು. ಅದುವರೆಗೆ ಟಿ.ವಿ. ಅಂದರೆ ಸಂಜೆಯ ಸಂಗತಿ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಪೆಟ್ಟಿಗೆ ಹಚ್ಚುವ ಅಭ್ಯಾಸ ಜನಕ್ಕೆ ಆಗಬೇಕಿತ್ತು. ಆ ಪ್ರಸಾರದ ನಡುವೆ ಕೆಲವೇ ನಿಮಿಷದ ಒಂದು ತುಣುಕು ಬರುತ್ತಿತ್ತು, ಹೆಸರು ‘ಉಲ್ಟಾ ಪಲ್ಟಾ’. ಬರೆದವರೂ ಭಟ್ಟಿ, ಅಭಿನಯಿಸಿದವರೂ ಭಟ್ಟಿ. ಕಾಫಿ ಲೋಟ ಖಾಲಿಯಾಗುವುದರೊಳಗೆ ಮುಗಿಯುವಷ್ಟೇ ಪುಟ್ಟದು. ಒಂದು ಊರಿನ ಒಂದು ತೊಂದರೆ, ಅದರೊಳಗೊಂದು ತಲೆಕೆಳಗಾದ ಲೆಕ್ಕ, ಕೊನೆಗೆ ಒಂದು ಪಂಚು.

ಆಗಿನ್ನೂ ಇಡೀ ದೇಶಕ್ಕೆ ಇದ್ದದ್ದು ದೂರದರ್ಶನ ಒಂದೇ. ಬೇಡ ಅಂದರೆ ತಿರುಗಿಸಲು ಬೇರೆ ಚಾನೆಲ್ಲಿಲ್ಲ. ಮನೆಯ ಮೇಲೆ ಆಂಟೆನಾ ಏರಿಸಿದ ಕರ್ನಾಟಕದ ಊರುಗಳಿಗೂ ದಿಲ್ಲಿಯ ಕಾರ್ಯಕ್ರಮವೇ ಬರುತ್ತಿತ್ತು. ಹಿಂದಿ ಅಷ್ಟಕ್ಕಷ್ಟೇ ಬರುವವರಿಗೂ ಭಟ್ಟಿಯವರ ತಮಾಷೆ ಅರ್ಥವಾಗುವುದು ಕಷ್ಟವಿರಲಿಲ್ಲ. ಕಚೇರಿಯ ಕುರ್ಚಿ, ಫೈಲು, ಜವಾನ, ಟೇಬಲ್ಲಿನ ಕೆಳಗೆ ಚಾಚಿದ ಕೈ, ಇವುಗಳಿಗೆ ಭಾಷೆ ಯಾಕೆ ಬೇಕು?

ಪೇಟ ಕಂಡರೆ ಅನುಮಾನಿಸುತ್ತಿದ್ದ ದಿನಗಳು

ಇಲ್ಲಿ ಒಂದು ಮಾತನ್ನು ಬಿಡುವಂತಿಲ್ಲ. ಆ ವರ್ಷಗಳು ಪಂಜಾಬಿನ ಪಾಲಿಗೆ ಬೆಂಕಿಯ ವರ್ಷಗಳು. 1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ಹೊಕ್ಕಿತು. ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಅದರ ಬೆನ್ನಿಗೇ ದಿಲ್ಲಿಯ ಬೀದಿಗಳಲ್ಲಿ ಸಾವಿರಾರು ಸಿಖ್ಖರ ಕೊಲೆಯಾಯಿತು. 1987ರಿಂದ 1992ರವರೆಗೆ ಪಂಜಾಬಿನಲ್ಲಿ ರಾಷ್ಟ್ರಪತಿ ಆಡಳಿತ. ಸಂಜೆಯ ವಾರ್ತೆಯಲ್ಲಿ ಪಂಜಾಬ್ ಎಂಬ ಹೆಸರು ಬಂತೆಂದರೆ ಗುಂಡೇಟು, ಬಸ್ಸಿನಿಂದ ಇಳಿಸಿ ಕೊಂದ ಸುದ್ದಿ, ಕರ್ಫ್ಯೂ, ಇಷ್ಟೇ. ಪೇಟ ಸುತ್ತಿದವರನ್ನು ಕಂಡರೆ ರೈಲಿನಲ್ಲಿ ಪಕ್ಕಕ್ಕೆ ಸರಿದು ಕೂರುವವರಿದ್ದರು. ಅದಕ್ಕೂ ಮೊದಲು ಇದ್ದದ್ದಾದರೂ ಏನು? ಸಿನಿಮಾದಲ್ಲೂ ಹರಟೆಯಲ್ಲೂ ಸರ್ದಾರ್ಜಿ ಅಂದರೆ ಜೋಕಿಗೆ ಗುರಿಯಾಗುವ ಪೆದ್ದ.

ಅಂಥ ಹೊತ್ತಿನಲ್ಲಿ ಅಮೃತಸರದಲ್ಲೇ ಹುಟ್ಟಿದ ಒಬ್ಬ ಪೇಟದ ಮನುಷ್ಯ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಮನೆಗಳೊಳಗೆ ಬೆಳ್ಳಂಬೆಳಿಗ್ಗೆ ಬಂದು ಕೂತ. ಗುಂಡು ಹಾರಿಸಲಿಲ್ಲ, ಪೆದ್ದನಂತೆ ಕುಣಿಯಲೂ ಇಲ್ಲ. ಕಚೇರಿಯಿಂದ ಬರಿಗೈಲಿ ವಾಪಸ್ಸಾದ ಯಾವುದೇ ಊರಿನ ಗೃಹಸ್ಥನ ಹಾಗೆ, ಬೇಸರವನ್ನು ನಗೆಯಾಗಿ ಮಾಡಿ ಹೇಳಿದ. ಜೋಕಿಗೆ ಗುರಿಯಾಗುತ್ತಿದ್ದ ಸರ್ದಾರ್ಜಿ ಈಗ ಜೋಕು ಕಟ್ಟುವವನಾಗಿದ್ದ. ಭಟ್ಟಿ ಇದನ್ನು ಭಾಷಣ ಮಾಡಿ ಸಾಧಿಸಿದ್ದಲ್ಲ. ಸುಮ್ಮನೆ ತನ್ನ ವೇಷದಲ್ಲೇ ಬಂದು ಎಲ್ಲರ ಕಷ್ಟವನ್ನು ಆಡಿದರು, ಅಷ್ಟೇ. ಆ ವರ್ಷಗಳಲ್ಲಿ ಅದು ಸಣ್ಣ ಕೆಲಸವಾಗಿರಲಿಲ್ಲ.

ಹತ್ತೇ ಕಂತು

1989ರಲ್ಲಿ ಬಂತು ‘ಫ್ಲಾಪ್ ಶೋ’. ಆ ದಿನಗಳಲ್ಲಿ ಮಹಾಭಾರತ ಧಾರಾವಾಹಿಗೆ ಭಾನುವಾರದ ರಸ್ತೆಗಳು ಖಾಲಿಯಾಗುತ್ತಿದ್ದುವು. ರಥ, ಕಿರೀಟ, ಬಾಣಗಳ ಆ ವೈಭವದ ಎದುರು ಭಟ್ಟಿಯವರ ಬಂಡವಾಳ ತೀರಾ ಸಣ್ಣದು. ನಾಲ್ಕು ಕುರ್ಚಿ, ಒಂದು ಮೇಜು, ಒಂದು ಸೋಫಾ. ಹಣ ಕಮ್ಮಿ, ನಕ್ಷತ್ರಗಳಿಲ್ಲ. 1985ರಲ್ಲಿ ಮದುವೆಯಾದ ಪತ್ನಿ ಸವಿತಾ ನಿರ್ಮಾಪಕಿಯೂ ಆದರು, ಬಹಳಷ್ಟು ಕಂತುಗಳಲ್ಲಿ ಹೆಂಡತಿಯ ಪಾತ್ರವನ್ನೂ ಹಾಕಿದರು. ವಿವೇಕ್ ಶೌಕ್ ಅವರಂಥ ನಟರು ಕಂತಿಗೊಂದು ವೇಷದಲ್ಲಿ ಬಂದರು. ಒಟ್ಟು ಕಂತುಗಳು ಹತ್ತೇ ಹತ್ತು.

ಹತ್ತರಲ್ಲೂ ವಿಷಯ ಊರಿನದೇ. ಇಲ್ಲದ ಕಾಯಿಲೆಗೆ ಮೆಡಿಕಲ್ ಬಿಲ್ಲು ಬರೆಸಿ ಸರ್ಕಾರದಿಂದ ದುಡ್ಡು ಎತ್ತುವ ನೌಕರರು. ಡಾಕ್ಟರೇಟ್ ಬೇಕೆಂದು ಬಂದ ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸಿಕೊಳ್ಳುವ ಪ್ರೊಫೆಸರು. ಕಂಟ್ರಾಕ್ಟರು ಮತ್ತು ಅವನ ಬಿಲ್ಲಿಗೆ ಸಹಿ ಹಾಕುವವರ ಸ್ನೇಹ. ತೀರ್ಮಾನವೇ ಇಲ್ಲದ ಮೀಟಿಂಗು. ಕರೆಯದೆ ಬಂದು ಜಾಗ ಖಾಲಿ ಮಾಡದ ನೆಂಟರು. ಧಾರಾವಾಹಿ ತೆಗೆಯುವವರ ಧಾವಂತದ ಮೇಲೂ ಒಂದು ಕಂತು. ಅಂದರೆ ತಮ್ಮ ಕಸುಬನ್ನೂ ಭಟ್ಟಿ ಬಿಡಲಿಲ್ಲ.

ಕಂತು ಶುರುವಾಗುವ ಮೊದಲೇ ನಗೆ ಶುರುವಾಗುತ್ತಿತ್ತು. ಪ್ರತಿ ಕಂತನ್ನೂ ಅದರಲ್ಲಿ ಗೇಲಿಗೆ ಸಿಕ್ಕವರಿಗೇ ಭಕ್ತಿಯಿಂದ ಅರ್ಪಣೆ ಮಾಡುತ್ತಿದ್ದರು. ನಿರ್ದೇಶನ ಅಂತ ಇರಬೇಕಾದ ಕಡೆ, ದಾರಿ ತಪ್ಪಿಸಿದವರು ಎಂಬ ಅರ್ಥ ಬರುವ ಹಾಗೆ ತಮ್ಮ ಹೆಸರು ಹಾಕಿಕೊಳ್ಳುತ್ತಿದ್ದರು. ಕೊನೆಯಲ್ಲಿ ಜನಪ್ರಿಯ ಸಿನಿಮಾ ಹಾಡೊಂದರ ಧಾಟಿಗೆ ಬೇರೆ ಮಾತು ಕಟ್ಟಿ, ಆ ದಿನದ ಕಳ್ಳತನದ ಬಗ್ಗೆ ಎಲ್ಲರೂ ಸೇರಿ ಹಾಡುತ್ತಿದ್ದರು. ಹೆಸರಿನಲ್ಲೇ ಫ್ಲಾಪ್ ಅಂತ ಬರೆದುಕೊಂಡವನನ್ನು ಸೋಲಿಸುವವರು ಯಾರು?

ಕಳ್ಳನ ಪಾತ್ರ ತನಗೇ

ಭ್ರಷ್ಟಾಚಾರದ ಮೇಲೆ ನಾಟಕ, ಸಿನಿಮಾ ಮಾಡಿದವರು ಬೇಕಾದಷ್ಟು ಜನ. ಸಾಮಾನ್ಯವಾಗಿ ಅಲ್ಲಿ ಒಬ್ಬ ದುಷ್ಟ ಮಂತ್ರಿ ಇರುತ್ತಾನೆ, ಒಬ್ಬ ಪ್ರಾಮಾಣಿಕ ನಾಯಕ ಇರುತ್ತಾನೆ. ನಾಯಕನ ಪಾತ್ರ ಯಾರದು ಅಂತ ಕೇಳಬೇಕಾಗಿಲ್ಲ. ಭಟ್ಟಿ ಈ ಲೆಕ್ಕವನ್ನೇ ಉಲ್ಟಾ ಮಾಡಿದರು. ಫ್ಲಾಪ್ ಶೋನಲ್ಲಿ ಪ್ರಾಮಾಣಿಕ ನಾಯಕನೇ ಇಲ್ಲ. ಬಹುತೇಕ ಕಂತುಗಳಲ್ಲಿ ಸುಳ್ಳು ಲೆಕ್ಕ ಬರೆಯುವವನ, ಬೇರೆಯವರ ಬೆವರಿನಲ್ಲಿ ಬದುಕುವವನ ಪಾತ್ರವನ್ನು ಭಟ್ಟಿ ತಾವೇ ಹಾಕಿಕೊಂಡರು. ಆ ಪಾತ್ರ ಮೀಸೆ ತಿರುವುವ ಖಳನದ್ದಲ್ಲ. ಹೆಂಡತಿಗೆ ಹೆದರುವ, ನೆಂಟರಿಗೆ ಚಹಾ ಕೊಡುವ, ನಾಲ್ಕು ಕಾಸು ಹೆಚ್ಚಿಗೆ ಬಂದರೆ ಸಾಕು ಅನ್ನುವ ಪಕ್ಕದ ಮನೆಯ ಯಜಮಾನನದ್ದು.

ಚುಚ್ಚುತ್ತಿದ್ದದ್ದು ಇದೇ. ದಿಲ್ಲಿಯ ಮಂತ್ರಿಯನ್ನು ಬೈದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗಿ ನಿದ್ದೆ ಮಾಡುತ್ತಾರೆ. ಸುಳ್ಳು ಮೆಡಿಕಲ್ ಬಿಲ್ಲಿನ ಕಂತು ನೋಡಿದ ನೌಕರನಿಗೆ ಹಾಗೆ ನಿದ್ದೆ ಬರುವುದಿಲ್ಲ, ಮೊನ್ನೆ ತಾನೇ ಒಂದು ಬಿಲ್ಲು ಹಾಕಿರುತ್ತಾನೆ. ಲಂಚ ಎಂಬುದು ಮೇಲಿನಿಂದ ಇಳಿದು ಬರುವ ರೋಗ ಮಾತ್ರವಲ್ಲ, ಕೆಳಗಿನಿಂದಲೂ ಕಾಸು ಕಾಸಾಗಿ ಹತ್ತಿ ಹೋಗುತ್ತದೆ ಅನ್ನುವುದನ್ನು ಭಟ್ಟಿ ಉಪದೇಶದ ಒಂದು ಮಾತಿಲ್ಲದೆ ತೋರಿಸಿದರು. ತೋರಿಸುವಾಗ ಮುಖದಲ್ಲಿ ನಗುವಿಲ್ಲ. ಅಡುಗೆ ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವ ಧಾಟಿಯಲ್ಲಿ ದೊಡ್ಡ ದೊಡ್ಡ ವಂಚನೆಯ ಮಾತಾಡುತ್ತಿದ್ದರು. ನಗುವ ಕೆಲಸ ನೋಡುವವರದು.

ಯಾರ ಹೆಸರನ್ನೂ ಹಿಡಿದು ಹೇಳದಿದ್ದುದರಿಂದಲೇ ಎಲ್ಲರಿಗೂ ತಗಲುತ್ತಿತ್ತು. ಸರ್ಕಾರದ್ದೇ ಆದ ದೂರದರ್ಶನದಲ್ಲಿ ಸರ್ಕಾರಿ ಕಚೇರಿಯನ್ನು ಹೀಗೆ ಬಿಚ್ಚಿಟ್ಟು ದಕ್ಕಿಸಿಕೊಂಡದ್ದು ಅವರ ಜಾಣತನ.

ಬೀದಿಗೆ ವಾಪಸ್ಸು

1990ರ ದಶಕದಲ್ಲಿ ಖಾಸಗಿ ಚಾನೆಲ್ಲುಗಳು ಬಂದುವು. ನಗೆಯ ಕಾರ್ಯಕ್ರಮಗಳು ರಾಶಿ ಬಿದ್ದುವು. ಭಟ್ಟಿ ದೂರದರ್ಶನಕ್ಕೆ ‘ಫುಲ್ ಟೆನ್ಷನ್’ ಮಾಡಿದರು. ಪಂಜಾಬ್ ಪೊಲೀಸರ ಕಾರ್ಯವೈಖರಿಯನ್ನು ಗೇಲಿ ಮಾಡಿ 1999ರಲ್ಲಿ ‘ಮಾಹೌಲ್ ಠೀಕ್ ಹೈ’ ಎಂಬ ಪಂಜಾಬಿ ಚಿತ್ರ ನಿರ್ದೇಶಿಸಿದರು. ಹಿಂದಿ ಚಿತ್ರಗಳಲ್ಲಿ ಸಣ್ಣ ಪಾತ್ರಗಳು ಬಂದುವು, 2006ರ ‘ಫನಾ’ ಅದರಲ್ಲೊಂದು. 2008ರಲ್ಲಿ ಸವಿತಾ ಜೊತೆ ‘ನಚ್ ಬಲಿಯೇ’ ಸ್ಪರ್ಧೆಯಲ್ಲಿ ಕುಣಿದದ್ದೂ ಆಯಿತು. ಮೊಹಾಲಿಯಲ್ಲಿ ಸಿನಿಮಾ ಕಲಿಸುವ ಶಾಲೆ ತೆರೆದರು. ಆದರೆ ಹತ್ತು ಕಂತುಗಳ ಆ ಮೊನಚು ಮತ್ತೆ ಆ ಮಟ್ಟದಲ್ಲಿ ಸಿಗಲಿಲ್ಲ ಅನ್ನುವುದನ್ನು ಅವರ ಅಭಿಮಾನಿಗಳೂ ಒಪ್ಪುತ್ತಾರೆ.

ಆ ಮೊನಚು ಉಳಿದದ್ದು ಬೀದಿಯಲ್ಲಿ. ಹೆಸರಾದ ಮೇಲೆ ಮುಂಬಯಿಗೆ ಗಂಟುಮೂಟೆ ಕಟ್ಟದೆ ಅವರು ಚಂಡೀಗಢದಲ್ಲೇ ಉಳಿದರು. ನಾನ್ಸೆನ್ಸ್ ಕ್ಲಬ್ಬನ್ನೂ ಮುಚ್ಚಲಿಲ್ಲ. ಬೆಲೆ ಏರಿದಾಗ ಊರಿನ ಮೇಳದಲ್ಲಿ ಒಂದು ಮಳಿಗೆ ಹಾಕಿದರು. ಜಾತ್ರೆಯಲ್ಲಿ ಬಳೆ ಎಸೆದು ಸಾಬೂನು, ಬೊಂಬೆ ಗೆಲ್ಲುವ ಆಟ ಎಲ್ಲರಿಗೂ ಗೊತ್ತು. ಭಟ್ಟಿಯವರ ಮಳಿಗೆಯಲ್ಲಿ ಬಹುಮಾನಕ್ಕೆ ಇಟ್ಟದ್ದು ಬೇಳೆ, ತರಕಾರಿ, ಅಡುಗೆ ಎಣ್ಣೆ. ಬೇಳೆ ಕೊಳ್ಳುವುದು ಅದೃಷ್ಟದ ಆಟವಾಯಿತು ಅಂತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕಿರಾಣಿ ಅಂಗಡಿಯವರಿಗೆ ಇದರ ಅರ್ಥ ಬೇರೆಯವರಿಗಿಂತ ಚೆನ್ನಾಗಿ ಆಗುತ್ತದೆ. 2009ರ ಲೋಕಸಭಾ ಚುನಾವಣೆ ಬಂದಾಗ, ಆರ್ಥಿಕ ಹಿಂಜರಿತದ ಹೆಸರಿನಲ್ಲೇ ರಿಸೆಷನ್ ಪಾರ್ಟಿ ಅಂತ ಅಣಕು ಪಕ್ಷ ಕಟ್ಟಿ ನಗಿಸಿದರು.

ಕೊನೆಯ ಕರೆಂಟು

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರಿಗೆ ಕರೆಂಟಿನ ಋಣ ತೀರಿರಲಿಲ್ಲ ಅಂತ ಕಾಣುತ್ತದೆ. ಅವರ ಕೊನೆಯ ಚಿತ್ರದ ಹೆಸರು ‘ಪವರ್ ಕಟ್’. ಪಂಜಾಬಿನ ವಿದ್ಯುತ್ ಕಡಿತವೇ ಕಥೆ. ಅದರಲ್ಲಿ ಮಗ ಜಸ್‌ರಾಜ್ ನಾಯಕ. 2012ರ ಅಕ್ಟೋಬರ್ 26ರ ಶುಕ್ರವಾರ ಬಿಡುಗಡೆ ಅಂತ ಗೊತ್ತಾಗಿತ್ತು. ಪ್ರಚಾರಕ್ಕೆ ಊರೂರು ಸುತ್ತುತ್ತಾ, ಭಟಿಂಡಾದ ಕೆಲಸ ಮುಗಿಸಿ ರಾತ್ರೋರಾತ್ರಿ ಜಲಂಧರಿನ ಕಡೆ ಕಾರಿನಲ್ಲಿ ಹೊರಟಿದ್ದರು. 25ರ ಬೆಳಗಿನ ಜಾವ, ಜಲಂಧರ್ ಜಿಲ್ಲೆಯ ಶಾಹ್‌ಕೋಟ್ ಬಳಿ ಕಾರು ಮರಕ್ಕೆ ಗುದ್ದಿತು. ಭಟ್ಟಿ ಹೋಗಿಬಿಟ್ಟರು. ವಯಸ್ಸು 57. ಜೊತೆಗಿದ್ದ ಮಗನೂ ಚಿತ್ರದ ನಾಯಕಿಯೂ ಗಾಯಗೊಂಡು ಉಳಿದರು.

ಚಿತ್ರ ತೆರೆ ಕಾಣಲು ಒಂದೇ ದಿನ ಬಾಕಿಯಿತ್ತು. ಮರುವರ್ಷ, 2013ರಲ್ಲಿ, ಸರ್ಕಾರ ಅವರಿಗೆ ಮರಣೋತ್ತರ ಪದ್ಮಭೂಷಣ ಕೊಟ್ಟಿತು. ಜೀವಮಾನವಿಡೀ ಸರ್ಕಾರಿ ಕಚೇರಿಯನ್ನು ಗೇಲಿ ಮಾಡಿದ ಮನುಷ್ಯನ ಫೈಲಿಗೂ ಕೊನೆಗೆ ಸಹಿ ಬಿತ್ತು, ಕೈಯೊಡ್ಡಿ ತೆಗೆದುಕೊಳ್ಳಲು ಅರ್ಜಿದಾರನೇ ಇರಲಿಲ್ಲ.

ಲೈನ್‌ಮನ್‌ಗೆ ಕಾಯುವ ಕಾಲ ಹೋಗಿದೆ, ಈಗ ಎಲ್ಲರ ಜೇಬಿನಲ್ಲೂ ಫೋನಿದೆ. ಅದೇ ಫೋನಿನಲ್ಲಿ ಫ್ಲಾಪ್ ಶೋ ಹುಡುಕಿ ನೋಡುವ ಹುಡುಗರಿದ್ದಾರೆ, ಅದು ಪ್ರಸಾರವಾದಾಗ ಹುಟ್ಟೇ ಇರದವರು. ಅವರೂ ನಗುತ್ತಾರೆ. ಹಳೆಯ ಹಾಸ್ಯ ಹೊಸಬರಿಗೂ ಅರ್ಥವಾಯಿತೆಂದರೆ ಬರೆದವನ ಮಟ್ಟಿಗೆ ಅದು ದೊಡ್ಡ ಗೆಲುವು. ಮೀಟಿಂಗು, ಬಿಲ್ಲು, ಕಂಟ್ರಾಕ್ಟರು ಇನ್ನೂ ಹಾಗೇ ಇದ್ದಾರೆ ಅಂತ ಅದರಿಂದ ಗೊತ್ತಾಗುವುದು ಮಾತ್ರ ಊರಿನವರ ಪಾಲಿನ ಸೋಲು. ಇವನ್ನು ನೋಡಿ ಯಾರಿಗೂ ನಗು ಬಾರದ ದಿನ ಬಂದರೆ, ಫ್ಲಾಪ್ ಶೋ ಕೊನೆಗೂ ಹೆಸರಿಗೆ ತಕ್ಕಂತೆ ಫ್ಲಾಪ್ ಆಗುತ್ತದೆ. ಭಟ್ಟಿಯವರಿಗೂ ಬೇಕಾಗಿದ್ದದ್ದು ಆ ಸೋಲೇ ಇದ್ದೀತು.