ಕರಾಚಿಯಿಂದ ಮುಂಬೈಗೆ ಏಳೂಕಾಲು ಗಂಟೆ

ಕಲಘಟಗಿ ತಾಲ್ಲೂಕಿನ ದುಮ್ಮವಾಡದಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗೋರು ಮೊದಲು ಹುಬ್ಬಳ್ಳಿ ಮುಟ್ಟಬೇಕು. ಹುಬ್ಬಳ್ಳಿ-ಬೆಂಗಳೂರು ನೇರ ದೂರ ಸುಮಾರು 370 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರೋ ವಿಮಾನಕ್ಕೆ ಮುಕ್ಕಾಲು ಗಂಟೆ ಸಾಕು ಅಂತ ಕ್ಯಾಲ್ಕುಲೇಟರ್ ಹೇಳ್ತದೆ. ಟಿಕೆಟ್ ಒಂದು ಗಂಟೆಗೂ ಹೆಚ್ಚು ತೋರಿಸ್ತದೆ. ರನ್‌ವೇವರೆಗೆ ಸಾಗೋದು, ಮೇಲೇರೋದು, ಇಳಿಯೋಕೆ ಸರದಿ ಕಾಯೋದು, ಎಲ್ಲಾ ಲೆಕ್ಕಕ್ಕೆ ಬರ್ತವೆ. ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಸಮಯ ಸಿಗೋದಿಲ್ಲ. ಈ ಪಾಠವನ್ನು ಆಕಾಶದಲ್ಲೇ ಕಲಿತವರು ಜೆ.ಆರ್.ಡಿ. ಟಾಟಾ.

ಅವರು ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ತಾಯಿ ಫ್ರೆಂಚ್ ಮಹಿಳೆ. 1909ರಲ್ಲಿ ಇಂಗ್ಲಿಷ್ ಕಾಲುವೆ ಹಾರಿ ದಾಟಿದ ಲೂಯಿ ಬ್ಲೇರಿಯೋ ಅವರ ಮನೆ, ಟಾಟಾ ಕುಟುಂಬ ಬೇಸಿಗೆ ಕಳೆಯುತ್ತಿದ್ದ ಊರಲ್ಲೇ ಇತ್ತು. ಹುಡುಗನಿಗೆ ವಿಮಾನದ ಹುಚ್ಚು ಹತ್ತಿದ್ದು ಅಲ್ಲೇ. ಕೇಂಬ್ರಿಜ್‌ನಲ್ಲಿ ಇಂಜಿನಿಯರಿಂಗ್ ಓದೋ ಆಸೆಯಿತ್ತು. ತಂದೆ ಕಂಪನಿ ಕೆಲಸಕ್ಕೆ ಕರೆಸಿಕೊಂಡಿದ್ದರಿಂದ ಆ ಓದು ಕೈತಪ್ಪಿತು. 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಿದ ಮೊದಲ ಪೈಲಟ್ ಲೈಸೆನ್ಸ್ ಅವರ ಕೈ ಸೇರಿತು.

ಮರುವರ್ಷ, ಭಾರತ-ಇಂಗ್ಲೆಂಡ್ ನಡುವೆ ಒಬ್ಬರೇ ಹಾರೋ ಭಾರತೀಯನಿಗೆ ಆಗಾ ಖಾನ್ ಬಹುಮಾನ ಇಟ್ಟಿದ್ದರು. ಜೆ.ಆರ್.ಡಿ. ಕರಾಚಿಯಿಂದ ಹೊರಟರು, ಆಸ್ಪಿ ಇಂಜಿನಿಯರ್ ಇಂಗ್ಲೆಂಡಿನಿಂದ. ಈಜಿಪ್ಟಿನಲ್ಲಿ ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಸಿಕ್ಕಿಬಿದ್ದಿದ್ದರು. ಜೆ.ಆರ್.ಡಿ. ತಮ್ಮ ಹತ್ತಿರವಿದ್ದ ಪ್ಲಗ್ ಕೊಟ್ಟರು. ಬಹುಮಾನ ಆಸ್ಪಿಗೆ ಹೋಯಿತು.

ಆಗ ಲಂಡನ್ನಿನ ಅಂಚೆ ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ಕರಾಚಿವರೆಗೆ ಬರ್ತಿತ್ತು. ಅದನ್ನು ದಕ್ಷಿಣಕ್ಕೆ ತರಲು 1932ರ ಅಕ್ಟೋಬರ್ 15ರ ಬೆಳಿಗ್ಗೆ ಆರೂವರೆ ಸುಮಾರಿಗೆ ಜೆ.ಆರ್.ಡಿ. ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿ ಬಿಟ್ಟರು. ಹೊರೆ ಸುಮಾರು 25 ಕೆ.ಜಿ. ಅಂಚೆ. ವಿಮಾನದಲ್ಲಿ ರೇಡಿಯೋ ಇರ್ಲಿಲ್ಲ.

ಕರಾಚಿ-ಮುಂಬೈ ನೇರ ದೂರ ಸುಮಾರು 870 ಕಿ.ಮೀ. ಗಂಟೆಗೆ 160ರಂತೆ ಐದೂವರೆ ತಾಸಿನ ಹಾದಿ. ಆದರೆ ಇಂಧನಕ್ಕೆ ಅಹಮದಾಬಾದ್‌ನಲ್ಲಿ ಇಳಿಯಲೇಬೇಕು. ದೂರ 1,030 ಆಯ್ತು, ಹಾರಾಟ ಆರೂವರೆ ತಾಸು. ಅಲ್ಲಿ ಪೆಟ್ರೋಲ್ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮುಂಬೈಯ ಜುಹು ಮುಟ್ಟಿದಾಗ ಮಧ್ಯಾಹ್ನ ಎರಡಾಗಲು ಸ್ವಲ್ಪ ಬಾಕಿ. ಅಲ್ಲಿಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿ ಮೂಲಕ ಮದ್ರಾಸಿಗೆ ಒಯ್ದರು.

ಇಂಥ ಹಾದಿಯಲ್ಲೂ ಸಮಯ ತಪ್ಪದಂತೆ ನಡೆಸಿದ್ದೇ ದೊಡ್ಡ ಕೆಲಸ. ಮಳೆಗಾಲದಲ್ಲಿ ಜುಹು ಮೈದಾನ ಕೆಸರಾದರೆ ಪುಣೆಯಿಂದ ಹಾರಿದರು. ಮೊದಲ ವರ್ಷದ ಸಮಯಪಾಲನೆ ನೂರಕ್ಕೆ ನೂರು ಅಂತ ಸರ್ಕಾರದ ವಾಯುಯಾನ ಇಲಾಖೆಯೇ ಮೆಚ್ಚಿತು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಮುಂಬೈಯಿಂದ ಲಂಡನ್ನಿಗೇ ಹಾರಿತು. 1953ರಲ್ಲಿ ಅವರು ಒಪ್ಪದಿದ್ದರೂ ಸರ್ಕಾರ ಕಂಪನಿಯನ್ನು ರಾಷ್ಟ್ರೀಕರಿಸಿತು. ಆದರೂ ಅಧ್ಯಕ್ಷರಾಗಿ ದುಡಿದರು. 1978ರಲ್ಲಿ ಆ ಕುರ್ಚಿಯಿಂದಲೂ ಅವರನ್ನು ಇಳಿಸಲಾಯಿತು.

1982ರ ಅಕ್ಟೋಬರ್ 15. ವಯಸ್ಸು 78. ಜೆ.ಆರ್.ಡಿ. ಮತ್ತೊಂದು ಹಳೇ ಪುಟ್ಟ ವಿಮಾನ ಹತ್ತಿ, ಅದೇ ಕರಾಚಿಯಿಂದ ಅಹಮದಾಬಾದ್ ದಾಟಿ ಜುಹುವಿಗೆ ಒಬ್ಬರೇ ಹಾರಿಸಿಕೊಂಡು ಬಂದರು. 1992ರಲ್ಲಿ ಭಾರತರತ್ನ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು.