ಸರ್ ರಾಬರ್ಟ್ ವಾಟ್ಸನ್-ವಾಟ್

ಬರುವ ವಿಮಾನವನ್ನು ಕಣ್ಣಿಗೆ ಕಾಣುವ ಮೊದಲೇ ಅರಿಯುವ ಉಪಾಯವು ಮಿಂಚನ್ನು ಹುಡುಕುವ ಕೆಲಸದಿಂದ ಹುಟ್ಟಿತೆಂದರೆ ನಮ್ಮ ವಾಚಕರಲ್ಲಿ ಹಲವರಿಗೆ ಆಶ್ಚರ್ಯವಾದೀತು. ಆ ಕೆಲಸದಲ್ಲಿ ಬಹುಕಾಲ ಶ್ರಮಿಸಿದ ರಾಬರ್ಟ್ ವಾಟ್ಸನ್-ವಾಟ್ ಎಂಬವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಇವರು ೧೮೯೨ನೆಯ ಇಸವಿ ಏಪ್ರಿಲ್ ೧೩ರಂದು ಸ್ಕಾಟ್ಲೆಂಡಿನ ಬ್ರೀಕಿನ್ ಪಟ್ಟಣದಲ್ಲಿ ಬಡಗಿಯೊಬ್ಬರ ಮಗನಾಗಿ ಹುಟ್ಟಿದರು. ಡಂಡೀ ನಗರದ ಕಾಲೇಜಿನಲ್ಲಿ ಓದಿ, ೧೯೧೫ರಲ್ಲಿ ಸರಕಾರದ ಹವಾಮಾನ ಇಲಾಖೆಯನ್ನು ಸೇರಿದರು. ಅದು ಮೊದಲನೆಯ ಮಹಾಯುದ್ಧದ ಕಾಲ. ಗುಡುಗುಮಳೆ ಎಲ್ಲಿದೆಯೆಂದು ವೈಮಾನಿಕರಿಗೆ ಮುಂಚಿತವಾಗಿ ತಿಳಿಸಬೇಕಾಗಿತ್ತು. ಮಿಂಚು ಹೊಳೆದಾಗ ರೇಡಿಯೋದಲ್ಲಿ ಚಟಪಟ ಸದ್ದಾಗುವುದನ್ನು ನಾವೆಲ್ಲರೂ ಬಲ್ಲೆವಷ್ಟೆ. ಆ ಸದ್ದಿನ ದಿಕ್ಕು ತಿಳಿದರೆ ಮಳೆಯ ದಿಕ್ಕೂ ತಿಳಿದಂತಾಯಿತು. ಆದರೆ ಮಿಂಚು ಕ್ಷಣಮಾತ್ರದ್ದು; ತಂತಿಯ ಚೌಕಟ್ಟನ್ನು ಕೈಯಿಂದ ತಿರುಗಿಸಿ ದಿಕ್ಕು ನೋಡುವಷ್ಟರಲ್ಲಿ ಅದು ಮುಗಿದೇಹೋಗಿರುತ್ತದೆ. ಆದುದರಿಂದ ಇವರು ಎರಡು ಚೌಕಟ್ಟುಗಳನ್ನು ಒಂದಕ್ಕೊಂದು ಅಡ್ಡಲಾಗಿ, ಕದಲದಂತೆ ನಿಲ್ಲಿಸಿ, ಎರಡರ ವಿದ್ಯುತ್ತನ್ನೂ ಒಂದೇ ಗಾಜಿನ ಕೊಳವೆಗೆ ಒದಗಿಸಿದರು. ಮಿಂಚು ಹೊಳೆದೊಡನೆ ಕೊಳವೆಯ ಮುಖದಲ್ಲಿ ಬೆಳಕಿನ ಗೆರೆಯೊಂದು ಮೂಡಿ ದಿಕ್ಕನ್ನು ತೋರಿಸುತ್ತಿತ್ತು. ದೂರದೂರದ ಎರಡು ಠಾಣೆಗಳ ಗೆರೆಗಳನ್ನು ನಕ್ಷೆಯ ಮೇಲೆ ಎಳೆದರೆ ಅವು ಕೂಡುವ ಸ್ಥಳವೇ ಮಳೆಯ ಸ್ಥಳ. ೧೯೨೦ರ ದಶಕದಲ್ಲಿ ಸ್ಲೌ ಊರಿನ ಬಳಿ ನಡೆದ ಈ ಸಂಶೋಧನೆಯನ್ನು ಪಂಡಿತರಲ್ಲದವರಾರೂ ಅಷ್ಟಾಗಿ ಗಮನಿಸಲಿಲ್ಲ.

೧೯೩೫ರಲ್ಲಿ ಜರ್ಮನಿಯ ವಿಮಾನಬಲಕ್ಕೆ ಅಂಜಿದ ಬ್ರಿಟಿಷ್ ಅಧಿಕಾರಿಗಳು, ರೇಡಿಯೋ ಕಿರಣಗಳಿಂದ ಶತ್ರುವನ್ನು ಕೊಲ್ಲಬಹುದೇ ಎಂದು ಇವರನ್ನು ವಿಚಾರಿಸಿದರು. ಇವರ ಸಹಾಯಕರಾದ ಆರ್ನಲ್ಡ್ ವಿಲ್ಕಿನ್ಸರು ಲೆಕ್ಕಹಾಕಿ, ಅದು ಆಗದ ಮಾತೆಂದೂ, ವಿಮಾನಕ್ಕೆ ತಾಗಿ ಹಿಂದಿರುಗುವ ಅಲೆಗಳಿಂದ ಅದರ ಇರವನ್ನು ಮಾತ್ರ ತಿಳಿಯಬಹುದೆಂದೂ ತೋರಿಸಿದರು. ಕೀರ್ತಿಯ ಬಹುಭಾಗವು ಹಿರಿಯರಿಗೆ ಸಂದಿತು. ವಿಲ್ಕಿನ್ಸರ ಹೆಸರನ್ನು ಬಿಟ್ಟು ಈ ವೃತ್ತಾಂತವನ್ನು ಹೇಳುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಅದೇ ವರ್ಷದ ಫೆಬ್ರವರಿ ೨೬ರಂದು ಡೆವೆಂಟ್ರಿ ಪ್ರಸಾರಕೇಂದ್ರದ ಅಲೆಗಳನ್ನೇ ಉಪಯೋಗಿಸಿ, ಹೊಲವೊಂದರಲ್ಲಿ ವ್ಯಾನನ್ನು ನಿಲ್ಲಿಸಿ ಪರೀಕ್ಷಿಸಲಾಗಿ, ೮ ಮೈಲಿ ದೂರದವರೆಗೂ ವಿಮಾನದ ಸುಳಿವು ದೊರೆಯಿತು. ಗುಟ್ಟು ಹೊರಬೀಳದಂತೆ ಈ ವಿದ್ಯೆಗೆ ರೇಡಿಯೋ ದಿಕ್‌ಶೋಧನೆಯೆಂಬ ಹಳೆಯ ಹೆಸರನ್ನೇ ಇಟ್ಟರು. ರೇಡಾರ್ ಎಂಬ ಹೆಸರು ಆ ಮೇಲೆ ಅಮೆರಿಕದಿಂದ ಬಂದುದು.

೧೯೩೯ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗುವಷ್ಟರಲ್ಲಿ ಬ್ರಿಟನ್ನಿನ ಕರಾವಳಿಯಲ್ಲಿ ಸುಮಾರು ೨೦ ಠಾಣೆಗಳು ಸಿದ್ಧವಾಗಿದ್ದವು. ಅವುಗಳಲ್ಲಿ ಹಗಲಿರುಳೂ ಬೆಳಕಿನ ಗೆರೆಯನ್ನು ನೋಡುತ್ತ ಕುಳಿತವರಲ್ಲಿ ತರುಣಿಯರು ಅನೇಕರಿದ್ದರೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಗಮನಿಸಬೇಕು. ೧೯೪೦ನೆಯ ಆಗಸ್ಟ್ ೧೮ರಂದು ಪೋಲಿಂಗ್ ಠಾಣೆಯ ಮೇಲೆ ಬಾಂಬುಗಳು ಬೀಳುತ್ತಿದ್ದರೂ ಎವಿಸ್ ಹರ್ನ್ ಎಂಬಾಕೆಯು ಟೆಲಿಫೋನಿನ ಬಳಿಯಿಂದ ಏಳದೆ ಸುದ್ದಿ ಕಳುಹಿಸುತ್ತಲೇ ಇದ್ದಳು. ಆಕೆಗೆ ಮಿಲಿಟರಿ ಮೆಡಲ್ ದೊರೆಯಿತು.

ವಾಟ್ಸನ್-ವಾಟ್ ಅವರಿಗೆ ೧೯೪೨ರಲ್ಲಿ ಸರ್ ಪದವಿ ಬಂದಿತು. ಯುದ್ಧಾನಂತರ ಕೆನಡಾ ದೇಶದಲ್ಲಿ ಮೋಟಾರನ್ನು ವೇಗವಾಗಿ ನಡೆಸಿ, ಪೋಲೀಸರ ರೇಡಾರಿಗೇ ಸಿಕ್ಕಿ ದಂಡ ತೆತ್ತರಂತೆ! ೧೯೬೬ರಲ್ಲಿ ಅವರು ವಿವಾಹವಾದ ಕ್ಯಾಥರಿನ್ ಟ್ರೆಫ್ಯೂಸಿಸ್ ಫೋರ್ಬ್ಸ್, ಯುದ್ಧಕಾಲದಲ್ಲಿ ಆ ತರುಣಿಯರ ದಳಕ್ಕೆ ಮೊದಲನೆಯ ಮುಖ್ಯಾಧಿಕಾರಿಣಿಯಾಗಿದ್ದವರು. ಆಕೆ ೧೯೭೧ರಲ್ಲಿ ತೀರಿಕೊಂಡರು. ಇವರು ೧೯೭೩ನೆಯ ಡಿಸೆಂಬರ್ ೫ರಂದು ಇನ್ವರ್ನೆಸ್ಸಿನಲ್ಲಿ ದಿವಂಗತರಾದರು. ಪಿಟ್ಲಾಕ್ರಿಯ ದೇವಾಲಯದ ಅಂಗಳದಲ್ಲಿ ಇಬ್ಬರ ಸಮಾಧಿಯೂ ಇದೆ.