ನಾಲ್ಕು ಸ್ಕ್ರೂ, ಒಂದು ಹಲಗೆ: ಲಿಯೋ ಫೆಂಡರ್ ಕಥೆ

ಸ್ಟ್ರಾಟೊಕಾಸ್ಟರ್ ಅನ್ನೋ ಹೆಸರು ಕೇಳದೇ ಇದ್ದವರೂ ಅದರ ಆಕಾರ ಖಂಡಿತ ನೋಡಿರ್ತೀರಿ. ಎರಡು ಕೊಂಬು ಇರೋ ಎಲೆಕ್ಟ್ರಿಕ್ ಗಿಟಾರ್. ಕಾಲೇಜು ಫೆಸ್ಟ್‌ನಲ್ಲಿ ಬ್ಯಾಂಡ್ ಹುಡುಗರ ಹೆಗಲ ಮೇಲೆ ಅದು ಅಥವಾ ಅದರ ನಕಲು ಇದ್ದೇ ಇರುತ್ತೆ. ಅದನ್ನು ಜೊತೆಗಾರರ ಜೊತೆ ಸೇರಿ ರೂಪಿಸಿದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ! ಎಂಜಿನಿಯರಿಂಗ್ ಡಿಗ್ರಿಯೂ ಇರಲಿಲ್ಲ, ಓದಿದ್ದು ಅಕೌಂಟ್ಸ್. ನಮ್ಮಲ್ಲಿ ಕೆಲವರು ರಜೆಯಲ್ಲಿ ಸ್ವಂತ ಗಿಟಾರ್ ಮಾಡ್ಬೇಕು ಅಂತ ಓಡಾಡ್ತಿದ್ದಾರೆ. ಮರ ಕೊಳ್ಳೋಕೆ ಮೊದಲು ಅವರು ಈ ಮನುಷ್ಯನ ಕಥೆ ಓದಿದರೆ ದುಡ್ಡೂ ಉಳಿಯುತ್ತೆ, ಧೈರ್ಯವೂ ಬರುತ್ತೆ.

ಲಿಯೋ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ ಅಮ್ಮನಿಗೆ ಕಿತ್ತಳೆ ತೋಟ ಇತ್ತು. ಎಂಟನೇ ವಯಸ್ಸಿನಲ್ಲಿ ಎಡಗಣ್ಣಲ್ಲಿ ಗಡ್ಡೆ ಆಗಿ, ಆ ಕಣ್ಣನ್ನೇ ತೆಗೆಯಬೇಕಾಯ್ತು. ಅಲ್ಲಿಂದ ಮುಂದೆ ಜೀವನಪೂರ್ತಿ ಗಾಜಿನ ಕಣ್ಣು. ಹದಿನಾಲ್ಕನೇ ವಯಸ್ಸಿನಲ್ಲಿ ಬಂಧುವೊಬ್ಬರ ಅಂಗಡಿಯಲ್ಲಿ, ಅವರೇ ಜೋಡಿಸಿದ್ದ ರೇಡಿಯೋ ನೋಡಿ ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡೀತು.

ಆದರೆ ಹೊಟ್ಟೆಪಾಡಿಗೆ ಲೆಕ್ಕ ಬರೆಯೋ ಕೆಲಸವೇ ಗತಿಯಾಯ್ತು. 1930ರ ದಶಕದ ಆರ್ಥಿಕ ಕುಸಿತದ ಕಾಲ ಅದು. ಹೆದ್ದಾರಿ ಇಲಾಖೆಯ ಕೆಲಸ ಹೋಯ್ತು. ಆಮೇಲೆ ಸಿಕ್ಕ ಟೈರ್ ಕಂಪನಿಯ ಕೆಲಸವೂ ಹೋಯ್ತು. ಮದುವೆ ಬೇರೆ ಆಗಿತ್ತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಸಂಗೀತಗಾರರು ತಮ್ಮ ಆಂಪ್ಲಿಫೈಯರ್‌ಗಳನ್ನು ರಿಪೇರಿಗೆ ಅಲ್ಲಿಗೇ ತರ್ತಿದ್ದರು. ಯಾವ ಭಾಗ ಪದೇ ಪದೇ ಕೆಡುತ್ತೆ, ಯಾವುದನ್ನು ಬಿಚ್ಚೋದು ಕಷ್ಟ ಅನ್ನೋದೆಲ್ಲ ಲಿಯೋ ಕಲಿತದ್ದು ಆ ಬೆಂಚಿನ ಮೇಲೆ.

ಆಗಿನ ಬಹುತೇಕ ಗಿಟಾರ್‌ಗಳ ಬಾಡಿ ಒಳಗೆ ಟೊಳ್ಳು. ಅವಕ್ಕೆ ಪಿಕಪ್ ಹಾಕಿ ಆಂಪ್ ಜೋರು ಮಾಡಿದರೆ, ಸ್ಪೀಕರಿನ ಸದ್ದಿಗೆ ಬಾಡಿಯೇ ನಡುಗಿ, ಆ ನಡುಕ ಮತ್ತೆ ಪಿಕಪ್‌ಗೆ ಹೋಗಿ, ಕೊನೆಗೆ ಕಿವಿ ಸೀಳೋ ಕೂಗು ಬರ್ತಿತ್ತು. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದೋ ಪಾಸಿಟಿವ್ ಫೀಡ್‌ಬ್ಯಾಕ್ ಇದೇ. ಎಲೆಕ್ಟ್ರಿಕ್ ಗಿಟಾರ್‌ಗೆ ಆ ಟೊಳ್ಳು ಬೇಕಾಗಿಲ್ಲ. ಸ್ಟೀಲ್ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದರೆ ಫ್ಲಕ್ಸ್ ಬದಲಾಗುತ್ತೆ, ಸುತ್ತಿದ ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತೆ. ಫ್ಯಾರಡೆ ನಿಯಮ, ಅಷ್ಟೇ. ನೈಲಾನ್ ತಂತಿ ಹಾಕಿದರೆ ಈ ಪಿಕಪ್‌ಗೆ ಏನೂ ಕೇಳಿಸಲ್ಲ, ನೆನಪಿರಲಿ.

ಲಿಯೋ ಒಂದು ಗಟ್ಟಿ ಹಲಗೆ ತಗೊಂಡರು. ನೆಕ್ಕನ್ನು ಬಾಡಿಗೆ ಅಂಟು ಹಾಕಿ ಕೂರಿಸೋದು ಹಳೇ ಪದ್ಧತಿ. ಇವರು ನಾಲ್ಕು ಸ್ಕ್ರೂ ಹಾಕಿ ಬಿಗಿದರು. ನೆಕ್ ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಬಹುದು. ಇದು ಅಪ್ಪಟ ರಿಪೇರಿಯವನ ಯೋಚನೆ. ಮೊದಲ ಸಲ ಗಿಟಾರ್ ಮಾಡುವವರಿಗೂ ಇದೇ ಸುರಕ್ಷಿತ ದಾರಿ, ಯಾಕಂದ್ರೆ ಒಂದು ಕಡೆ ಎಡವಟ್ಟಾದರೆ ಪೂರ್ತಿ ಗಿಟಾರ್ ಹಾಳಾಗಲ್ಲ. ಮರಕ್ಕೂ ಹೆಚ್ಚು ಸುರಿಯಬೇಡಿ, ಲಿಯೋ ಅವರ ಶುರುವಿನ ಬಾಡಿಗಳು ಪೈನ್ ಮರದವು.

1950ರಲ್ಲಿ ಎಸ್ಕ್ವೈರ್ ಅನ್ನೋ ಗಿಟಾರ್ ಮಾರುಕಟ್ಟೆಗೆ ಬಂತು. ಇಲ್ಲೇ ಪೆಟ್ಟು ಬಿದ್ದದ್ದು. ಆರು ತಂತಿ ಬಿಗಿದಾಗ ನೆಕ್ ಮೇಲೆ ಬೀಳೋ ಎಳೆತ ಸುಮಾರು 45 ಕೆಜಿ. ಮೇಪಲ್ ಮರ ಗಟ್ಟಿ, ತಡೆಯುತ್ತೆ ಅಂತ ಲಿಯೋ ನೆಕ್ ಒಳಗೆ ಟ್ರಸ್ ರಾಡ್ ಹಾಕಿರಲಿಲ್ಲ. ನೆಕ್‌ಗಳು ಬಾಗಿದವು. ಎಷ್ಟೋ ಗಿಟಾರ್‌ಗಳನ್ನು ವಾಪಸ್ ತಗೊಂಡು ಬದಲಿಸಿ ಕೊಡಬೇಕಾಯ್ತು. ಲಿಯೋ ಹಟ ಬಿಟ್ಟು, ಒಳಗೆ ಸ್ಟೀಲ್ ರಾಡ್ ಸೇರಿಸಿದರು. ಅದನ್ನು ತಿರುಗಿಸಿ ಬಾಗು ಸರಿ ಮಾಡಬಹುದು. ಆದ್ದರಿಂದ ಮೊದಲ ಗಿಟಾರ್‌ಗೆ ನೆಕ್ ನೀವೇ ಕೆತ್ತೋಕೆ ಹೋಗಬೇಡಿ. ಟ್ರಸ್ ರಾಡ್ ಇರೋ ರೆಡಿ ನೆಕ್ ತಗೊಂಡು ಬಾಡಿ, ವೈರಿಂಗ್ ನೀವು ಮಾಡಿ.

ಅಷ್ಟಕ್ಕೇ ಮುಗಿಯಲಿಲ್ಲ. ಎರಡು ಪಿಕಪ್ ಹಾಕಿ ಬ್ರಾಡ್‌ಕಾಸ್ಟರ್ ಅಂತ ಹೆಸರಿಟ್ಟರೆ, ಗ್ರೆಚ್ ಕಂಪನಿ ಅದು ನಮ್ಮ ಡ್ರಮ್ ಹೆಸರು ಅಂತ ತಕರಾರು ತೆಗೀತು. ಸ್ವಲ್ಪ ಕಾಲ ಮಾಡೆಲ್ ಹೆಸರೇ ಇಲ್ಲದ ಗಿಟಾರ್‌ಗಳು ಹೊರಗೆ ಬಂದವು. ಆಮೇಲೆ ಸಿಕ್ಕ ಹೆಸರೇ ಟೆಲಿಕಾಸ್ಟರ್. ಅದರ ಅಂಚು ಪಕ್ಕೆಗೆ ಚುಚ್ಚುತ್ತೆ ಅಂತ ನುಡಿಸೋರು ಗೊಣಗಿದ್ದಕ್ಕೆ, 1954ರ ಸ್ಟ್ರಾಟೊಕಾಸ್ಟರ್‌ನಲ್ಲಿ ಅಂಚುಗಳು ನುಣುಪಾದವು. ತಮಗೆ ನುಡಿಸೋಕೆ ಬರದೇ ಇದ್ದದ್ದಕ್ಕೇ ಲಿಯೋ ಬೇರೆಯವರ ಮಾತನ್ನು ಅಷ್ಟು ಕಿವಿಗೊಟ್ಟು ಕೇಳಿದರೇನೋ ಅಂತ ನನಗನಿಸುತ್ತೆ.

1965ರಲ್ಲಿ ಆರೋಗ್ಯ ಪೂರ್ತಿ ಕೈಕೊಟ್ಟಿತು ಅಂದುಕೊಂಡು ಕಂಪನಿಯನ್ನು ಸಿಬಿಎಸ್‌ಗೆ ಸುಮಾರು 1.3 ಕೋಟಿ ಡಾಲರ್‌ಗೆ ಮಾರಿದರು. ಆಮೇಲೆ ಚೇತರಿಸಿಕೊಂಡರು! ಆದರೆ ತಮ್ಮದೇ ಹೆಸರಿನ ಕಂಪನಿ ಆಗಲೇ ಬೇರೆಯವರದ್ದಾಗಿತ್ತು. ಸುಮ್ಮನೆ ಕೂರದೆ ಮೊದಲು ಮ್ಯೂಸಿಕ್ ಮ್ಯಾನ್‌ನಲ್ಲಿ, ಆಮೇಲೆ ಜಿ ಆಂಡ್ ಎಲ್‌ನಲ್ಲಿ ಗಿಟಾರ್ ಮಾಡ್ತಾ ಹೋದರು. ಪಾರ್ಕಿನ್ಸನ್ ಕಾಯಿಲೆ ಬಂದಮೇಲೂ ಕೆಲಸ ಬಿಡಲಿಲ್ಲ. ತೀರಿಕೊಂಡಿದ್ದು 1991ರ ಮಾರ್ಚ್ 21ರಂದು.

ಇನ್ನು ಕೆಲಸಕ್ಕೆ ಇಳಿಯೋರಿಗೆ ಎರಡೇ ಮಾತು. ಫೆಂಡರ್ ಅಳತೆಯ ನೆಕ್ಕಿಗೆ ಸ್ಕೇಲ್ 25.5 ಇಂಚು, ಅಂದ್ರೆ ಸುಮಾರು 648 ಮಿಮೀ. ನಟ್‌ನಿಂದ 12ನೇ ಫ್ರೆಟ್‌ಗೆ ಇದರ ಅರ್ಧ, 324 ಮಿಮೀ ಬರಬೇಕು. ನೆಕ್ ಕೂರಿಸಿ, ಅಳೆದು, ಇನ್ನೊಮ್ಮೆ ಅಳೆದು, ಆಮೇಲಷ್ಟೇ ಬ್ರಿಡ್ಜ್‌ಗೆ ತೂತು ಕೊರೆಯಿರಿ. ಅಲ್ಲಿ ತಪ್ಪಿದರೆ ಎಷ್ಟು ಟ್ಯೂನ್ ಮಾಡಿದರೂ ಮೇಲಿನ ಸ್ವರಗಳು ಅಪಸ್ವರವೇ. ವೈರಿಂಗ್ ಮೊದಲ ಸಲಕ್ಕೆ ಒಂದು ಪಿಕಪ್, ಒಂದು ವಾಲ್ಯೂಮ್ ಪಾಟ್, ಒಂದು ಜಾಕ್ ಸಾಕು. ಬ್ರಿಡ್ಜ್‌ಗೆ ಗ್ರೌಂಡ್ ವೈರ್ ಕೊಡೋದು ಮರೀಬೇಡಿ, ಇಲ್ಲಾಂದ್ರೆ ಗುಂಯ್ ಅಂತ ಹಮ್ ಬರ್ತಾನೇ ಇರುತ್ತೆ.

ನೆಕ್ ಒಂದು ಕೂದಲೆಳೆ ವಾಲಿದೆ ಅನಿಸಿದರೆ ಗಾಬರಿ ಬೇಡ. ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಸರಿಮಾಡಿ, ಮತ್ತೆ ಬಿಗೀರಿ. ಗಿಟಾರ್ ರೆಡಿ ಆದಮೇಲೆ ಕ್ಲಬ್ಬಿಗೆ ತಗೊಂಡು ಬನ್ನಿ, ನುಡಿಸೋಕೆ ಬರೋರು ಯಾರಾದ್ರೂ ಸಿಕ್ಕೇ ಸಿಗ್ತಾರೆ.